ತಲೆಯ ಕಡೆಯ ಹಗ್ಗ

ಅಪ್ಪನ ಶವಪೆಟ್ಟಿಗೆಯನ್ನು ಕುಣಿಗೆ ಇಳಿಸುವ ಎಂಟು ಹಗ್ಗಗಳನ್ನು ಯಾರು ಯಾರು ಹಿಡಿಯಬೇಕು ಎಂಬ ಪಟ್ಟಿಯನ್ನು ಬರೆದವಳು ನಾನೇ. ಅಪ್ಪ ಹೇಳಿದ, ನಾನು ಬರೆದೆ. ಮಾರ್ಚ್ ತಿಂಗಳು, ಬೆಳಗಿನ ಹನ್ನೊಂದು ಗಂಟೆ, ನನ್ನ ಅಡುಗೆಮನೆ. ಆಗಷ್ಟೇ ಅವನಿಗೆ ಸ್ನಾನ ಮಾಡಿಸಿ, ಎತ್ತಿ, ಒರೆಸಿ, ಉಣ್ಣೆಯ ಅಂಗಿ ತೊಡಿಸಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದೆ. ನನ್ನ ಸೊಂಟ ಇನ್ನೂ ನೋಯುತ್ತಿತ್ತು.

"ಬರ್ಕೋ ಡೊಲೀನಾ," ಅಂದ. "ಒಂದು, ಫಾರ್ಕರ್."

ಫಾರ್ಕರ್ ನನ್ನ ತಮ್ಮ, ಎಡಿನ್‌ಬರದಲ್ಲಿದ್ದಾನೆ. ಒಂದನೇ ಹಗ್ಗವೆಂದರೆ ತಲೆಯ ಕಡೆಯದು, ಸತ್ತವರಿಗೆ ಎಲ್ಲರಿಗಿಂತ ಹತ್ತಿರದವರದು. ನಮ್ಮ ಕರಾವಳಿಯಲ್ಲಿ ಇದು ಹುಡುಗಾಟದ ವಿಷಯವಲ್ಲ. ಎಂಟು ಹಗ್ಗಕ್ಕೂ ಸಂಖ್ಯೆ ಇರುತ್ತದೆ, ಹಿಡಿಯುವವರಿಗೆ ಮೊದಲೇ ಚೀಟಿ ಹೋಗುತ್ತದೆ, ಆ ಚೀಟಿಯನ್ನು ಜನ ಬೈಬಲ್ಲಿನ ಹಾಳೆಗಳ ನಡುವೆ ಇಟ್ಟು ಜೋಪಾನ ಮಾಡುತ್ತಾರೆ. ಮೂರನೆಯದು ಸಿಗುತ್ತದೆಂದು ಕಾದು ಕೂತವರಿಗೆ ಆರನೆಯದು ಸಿಕ್ಕಿ, ಆ ಮನೆಯ ಹೊಸ್ತಿಲನ್ನು ಇಪ್ಪತ್ತು ವರ್ಷ ತುಳಿಯದ ಮಹಾನುಭಾವರು ನನಗೆ ಗೊತ್ತು.

ಎರಡು, ದೊಡ್ಡಪ್ಪನ ಮಗ ರಾಡೆರಿಕ್. ಮೂರು, ನಾಲ್ಕು, ಅಪ್ಪನ ಜೊತೆ ರೈಲು ಹಳಿಯ ಮೇಲೆ ದುಡಿದವರು. ಐದು, ದೋಣಿಯವನು. ಹೀಗೆ ಏಳು ದಾಟಿ ಎಂಟಕ್ಕೆ ಬಂದಾಗ ಅಪ್ಪ ಹೆಸರು ಸಿಗದೆ ತಡವರಿಸಿದ. ನನ್ನ ಪೆನ್ನು ಕಾಯುತ್ತಿತ್ತು. ಎಂಟನೆಯದಾದರೂ ಸರಿ ಎಂದು ನನ್ನ ಮನಸ್ಸು ಅಷ್ಟು ಕೆಳಗೆ ಇಳಿದಿತ್ತು.

"ಎಂಟು, ಆ ಟಪಾಲಿನವನ ಮಗ ಇದಾನಲ್ಲ, ಕುಂಟ್ತಾನಲ್ಲ, ಅವನದು ಬರ್ಕೋ."

"ಅಪ್ಪ, ನನಗೆ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಂಗ್ಯಾಕೆ ಅದೆಲ್ಲ. ನೀನು ಹಗ್ಗ ಹಿಡ್ಕೊಂಡು ನಿಂತ್ರೆ ಬಂದವರಿಗೆ ಟೀ ಯಾರು ನೋಡ್ಕೋತಾರೆ?"

ನೋಯಿಸಬೇಕೆಂದು ಅಂದ ಮಾತಲ್ಲ, ಅದಕ್ಕೇ ನನಗೆ ಹೆಚ್ಚು ನೋವಾದದ್ದು. ಹಗ್ಗ ಗಂಡಸರಿಗೆ ಮಾತ್ರ ಎನ್ನುವ ಕಾಲ ಹೋಗಿದೆ. ಹೋದ ವರ್ಷ ಕೆಳಗಿನ ಬೀದಿಯ ಎಫಿ ತೀರಿಕೊಂಡಾಗ ಅವಳ ಮೂವರು ಹೆಣ್ಣುಮಕ್ಕಳೂ ಹಗ್ಗ ಹಿಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಹನ್ನೊಂದು ವರ್ಷ ಅಪ್ಪನನ್ನು ಎತ್ತಿದ್ದು ನಾನು, ಇಳಿಸಿದ್ದು ನಾನು. ಕೊನೆಯ ಸಲ ಇಳಿಸಲು ಮಾತ್ರ ಹನ್ನೊಂದು ವರ್ಷದಲ್ಲಿ ಎರಡು ಸಲ ಬಂದು ಹೋದ ಫಾರ್ಕರ್ ಬೇಕಾಯಿತು. ನಾನು ದುಂಡಗಿನ ಅಕ್ಷರದಲ್ಲಿ ಎಂಟು ಹೆಸರನ್ನೂ ಬರೆದು, ಅಪ್ಪನ ಸಹಿ ಹಾಕಿಸಿ, ಮಧ್ಯಾಹ್ನದ ಗಂಜಿಗೆ ನೀರಿಟ್ಟೆ.

ಜೂನ್ ಎರಡನೇ ವಾರ ಅಪ್ಪ ಸತ್ತ. ಹುಟ್ಟೂರಾದ ಆರ್ಡ್‌ವೀನಿಯಲ್ಲೇ ಮಣ್ಣು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ಅಲ್ಲಿಯ ಸ್ಮಶಾನ ನಡುಗಡ್ಡೆಯ ಮೇಲಿದೆ. ಸಮುದ್ರ ಇಳಿದಾಗ ಮೂರು ಗಂಟೆ ಹೊತ್ತು ಮರಳಿನ ಮೇಲೆ ನಡೆದು ಹೋಗಬಹುದು, ಆಮೇಲೆ ಇಲ್ಲ. ಸಮುದ್ರ ಯಾರಿಗಾಗಿಯೂ ಕಾಯುವುದಿಲ್ಲವಾದ್ದರಿಂದ ಅಲ್ಲಿ ಮಣ್ಣೂ ಯಾರಿಗಾಗಿಯೂ ಕಾಯುವುದಿಲ್ಲ.

ಪೆಟ್ಟಿಗೆಯ ಜವಾಬ್ದಾರಿ ಹೊತ್ತ ಹೆಕ್ಟರ್ ಬೆಳಿಗ್ಗೆ ಏಳಕ್ಕೇ ಗಾಡಿ ಹೊರಡಿಸಿದ. ರಸ್ತೆ, ಸಮುದ್ರ ಒಳನುಗ್ಗಿದ ಖಾರಿಯನ್ನು ಸುತ್ತಿ ಬಳಸಿ ಹೋಗುತ್ತದೆ. ರೈಲಿಗಿಂತ ದುಪ್ಪಟ್ಟು ಹೊತ್ತು ಬೇಕು. ಗಾಡಿಯಲ್ಲಿ ಅವನಿಗೂ ಅವನ ಆಳಿಗೂ ಬಿಟ್ಟರೆ ಜಾಗವಿರಲಿಲ್ಲ. ನನಗೆ ಕಾರು ಓಡಿಸಲು ಬರುವುದಿಲ್ಲ. ಫಾರ್ಕರ್‌ಗೆ ಬರುತ್ತದೆ, ಆದರೆ ಅವನ ಲೈಸೆನ್ಸು ಕುಡಿತಕ್ಕೆ ಬಲಿಯಾಗಿತ್ತು.

"ನೀವಿಬ್ರೂ ಹತ್ತೂಕಾಲಿನ ರೈಲಿಗೆ ಬಂದ್ಬಿಡಿ," ಎಂದ ಹೆಕ್ಟರ್. "ಮೂರಕ್ಕೆ ಮರಳಿನ ಮೇಲೆ ನೀರು ವಾಪಸು ಬಂದ್ಬಿಡುತ್ತೆ. ಫಾರ್ಕರ್‌ನ ಕರ್ಕೊಂಡು ಬರೋದು ನಿನ್ನ ಕೆಲಸ ಕಣಮ್ಮ, ಮರೀಬೇಡ."

ಎಲ್ಲವೂ ನನ್ನ ಕೆಲಸವೇ ಆಗಿತ್ತಲ್ಲ, ಇದೂ ಒಂದು ಸೇರಿತು.

ಫಾರ್ಕರ್ ಹಿಂದಿನ ಸಂಜೆಯೇ ಬಂದಿದ್ದ. ಬೆಳಿಗ್ಗೆ ಕಿಲ್ಟ್ ಎನ್ನುವ ಚೌಕಳಿಯ ನೆರಿಗೆಲಂಗ ಉಟ್ಟು, ಮೊಣಕಾಲವರೆಗೆ ಕಾಲುಚೀಲ ಎಳೆದು, ಸೊಂಟಕ್ಕೆ ತೊಗಲಿನ ಸಂಚಿ ಕಟ್ಟಿಕೊಂಡು ಸಿದ್ಧನಾಗಿ ನಿಂತ. ನಮ್ಮ ಅಪ್ಪ ಜನ್ಮದಲ್ಲಿ ಕಿಲ್ಟ್ ಉಟ್ಟವನಲ್ಲ, ಅವನ ಅಪ್ಪನೂ ಉಟ್ಟವನಲ್ಲ. ಫಾರ್ಕರ್‌ಗೆ ಅದು ಕೆಲಸದ ಬಟ್ಟೆ. ಎಡಿನ್‌ಬರದ ಒಂದು ವಿಸ್ಕಿ ಅಂಗಡಿಯಲ್ಲಿ ಪ್ರವಾಸಿಗಳನ್ನು ಕೂರಿಸಿಕೊಂಡು ನಮ್ಮ ಕಡೆಯ ಕಥೆ ಹೇಳುವುದು ಅವನ ಉದ್ಯೋಗ. ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲವಂತೆ. ಇರಬಹುದು, ಸುಳ್ಳು ಹೇಳುವುದರಲ್ಲಿ ಅವನು ಚಿಕ್ಕಂದಿನಿಂದಲೂ ಮುಂದು.

"ಹೇಗಿದೆ ಅಕ್ಕ?" ಎಂದು ಒಂದು ಸುತ್ತು ತಿರುಗಿ ತೋರಿಸಿದ.

"ಮದುವೆಗೆ ಹೊರಟ ಹಾಗಿದೀಯ," ಅಂದೆ.

"ನಿನ್ನ ನಾಲಿಗೆ ಒಂದು ಮಾತ್ರ ಇನ್ನೂ ಮುಪ್ಪಾಗಿಲ್ಲ ಕಣೇ."

ನಮ್ಮ ರೈಲನ್ನು ನೋಡಲೆಂದೇ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಜೂನ್ ಬಂತೆಂದರೆ ನಮ್ಮ ರೈಲಿನಲ್ಲಿ ನಮಗೇ ಜಾಗವಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾದರೂ ಕೆನ್ನೆ ಹಿಡಿದುಕೊಂಡು ಒಂದೂವರೆ ಗಂಟೆ ನಿಂತಿರಬೇಕು. ಅವತ್ತೂ ಪ್ಲಾಟ್‌ಫಾರ್ಮ್ ತುಂಬ ಬಣ್ಣದ ಜಾಕೆಟ್ಟುಗಳು. ನಾಲ್ಕು ಬೋಗಿಗಳಲ್ಲಿ ಕೊನೆಯದಕ್ಕೇ ಎಲ್ಲರೂ ನುಗ್ಗುತ್ತಾರೆ, ಕಮಾನು ಸೇತುವೆಯ ಮೇಲೆ ರೈಲು ಬಾಗುವಾಗ ಮುಂದಿನ ಬೋಗಿಗಳೆಲ್ಲ ಫೋಟೋದಲ್ಲಿ ಬರುವುದು ಅಲ್ಲಿಂದಲೇ. ನಾನು ಮುಂದಿನ ಬೋಗಿಯ ಕಡೆ ನಡೆಯುತ್ತಿದ್ದೆ. ಫಾರ್ಕರ್ ನನ್ನ ತೋಳು ಹಿಡಿದು, "ಹಿಂದೆ ಕೂರೋಣ ಬಾ, ಅಲ್ಲಿ ಚೆನ್ನಾಗಿ ಕಾಣ್ಸುತ್ತೆ," ಎಂದು ಎಳೆದ. ಅಪ್ಪನ ಮಣ್ಣಿಗೆ ಹೋಗುವವನಿಗೆ ಏನು ಕಾಣಿಸಬೇಕಿತ್ತೋ ನನಗೆ ಗೊತ್ತಾಗಲಿಲ್ಲ.

ಊರು ದಾಟುವ ಮೊದಲೇ ಎದುರಿನ ಸೀಟಿನ ಹಳದಿ ಜಾಕೆಟ್ಟಿನ ಹೆಂಗಸು ಅವನ ಕಿಲ್ಟ್ ನೋಡಿ ನಕ್ಕಳು. ಅಷ್ಟೇ ಸಾಕಾಯಿತು.

"ನಾನು ಈ ಕಡೆಯವನೇ ಮೇಡಂ. ಇಲ್ಲೇ ಹುಟ್ಟಿದ್ದು, ಈ ಹಳಿ ಪಕ್ಕದಲ್ಲೇ."

"ಅದೃಷ್ಟವಂತರು ಬಿಡಿ," ಎಂದಳು ಅವಳು. "ಎಷ್ಟು ಚೆನ್ನಾಗಿದೆ ನೋಡಿ, ಒಂದೇ ಒಂದು ಮನೆ ಇಲ್ಲ."

ಖಾರಿಯ ಆಚೆ ದಡದಲ್ಲಿ ಸೂರಿಲ್ಲದ ಗೋಡೆಗಳು ಸಾಲಾಗಿ ನಿಂತಿದ್ದವು, ಸುತ್ತ ಜರಿಗಿಡ ಬೆಳೆದಿತ್ತು. ನಮ್ಮ ಅಜ್ಜಿಯ ಅಜ್ಜಿ ಅಲ್ಲಿ ಇದ್ದವಳು. ಜಮೀನ್ದಾರನಿಗೆ ಕುರಿ ಮೇಯಿಸಲು ಜಾಗ ಬೇಕಾದಾಗ ಅವಳ ಮನೆಯ ಸೂರಿಗೆ ಬೆಂಕಿ ಇಟ್ಟರು. ಒಂದೇ ಒಂದು ಮನೆ ಇಲ್ಲದಿರುವುದು ಸುಮ್ಮನೆ ಆದದ್ದಲ್ಲ, ಮಾಡಿದ್ದು. ಫಾರ್ಕರ್ ಅದೇ ಗೋಡೆಗಳನ್ನು ತೋರಿಸಿ, ಮದುವೆಯ ದಿನ ಕೊಳದಲ್ಲಿ ಮುಳುಗಿದ ಒಬ್ಬ ಮದುಮಗಳು ಮಂಜು ಬಿದ್ದಾಗ ಅಲ್ಲಿ ಬಾಗಿಲು ಹುಡುಕುತ್ತಾಳೆ ಎಂದು ಶುರು ಮಾಡಿದ. ಬೋಗಿಯ ಅರ್ಧ ಜನ ಕಿವಿಗೊಟ್ಟರು. ಇಂಥ ಮದುಮಗಳನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಆಮೇಲೆ ಅಪ್ಪನ ಸರದಿ ಬಂತು.

"ನೀವು ಕೂತಿದೀರಲ್ಲ, ಈ ಹಳಿ, ಇದನ್ನ ನಮ್ಮಪ್ಪ ಕೈಯಾರೆ ಹಾಕಿದ್ದು," ಎಂದ.

ಹಳಿ ಹಾಕಿದಾಗ ಅಪ್ಪ ಹುಟ್ಟಿಯೇ ಇರಲಿಲ್ಲ. ಅವನು ಗ್ಯಾಂಗ್‌ಮನ್. ಮೂವತ್ತನಾಲ್ಕು ವರ್ಷ ಉದ್ದನೆಯ ಸುತ್ತಿಗೆ ಹೆಗಲಿಗಿಟ್ಟು, ಮಳೆಯಿರಲಿ ಹಿಮವಿರಲಿ, ದಿನಕ್ಕೆ ಆರು ಮೈಲಿ ಹಳಿಯ ಮೇಲೆ ನಡೆದು, ಸಡಿಲವಾದ ಬೆಣೆಗಳನ್ನು ಬಡಿದು ಕೂರಿಸುತ್ತಿದ್ದ. ಅದು ಕಥೆಗೆ ಸಾಲದೇನೋ. ಫಾರ್ಕರ್ ಹೇಳುತ್ತಾ ಹೋದಂತೆ ಅಪ್ಪ ದೊಡ್ಡವನಾಗುತ್ತಾ ಹೋದ. ಹಿಮದಲ್ಲಿ ಸಿಕ್ಕಿಬಿದ್ದ ರೈಲನ್ನು ಒಬ್ಬನೇ ಬಿಡಿಸಿದ, ಜಿಂಕೆಗಳ ಜೊತೆ ಮಾತಾಡಿದ. ಕೊನೆಗೆ ಫಾರ್ಕರ್ "ಇವತ್ತು ಅವನ ಮಣ್ಣು," ಎಂದು ಅಲ್ಲೇ, ಅಷ್ಟು ಜನರ ಮುಂದೆ, ಬಿಕ್ಕಿ ಬಿಕ್ಕಿ ಅತ್ತ. ಹಳದಿ ಜಾಕೆಟ್ಟಿನವಳು ಅವನ ಎರಡೂ ಕೈ ಹಿಡಿದುಕೊಂಡಳು.

ಅಪ್ಪ ಸತ್ತಾಗಿನಿಂದ ನನಗೆ ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ. ಡಾಕ್ಟರ ಚೀಟಿ, ಪೆಟ್ಟಿಗೆಯ ಮರ, ಪಾದ್ರಿ, ಐವತ್ತು ಜನಕ್ಕೆ ಸ್ಯಾಂಡ್‌ವಿಚ್ಚು, ಮೂತ್ರದ ವಾಸನೆಯ ಹಾಸಿಗೆಯನ್ನು ಹೊರಗೆ ಹಾಕುವುದು. ಇವನು ಬಂದು ಹದಿನೈದು ಗಂಟೆಯಾಗಿತ್ತು, ಆಗಲೇ ಸೇತುವೆಗೂ ಸುರಂಗಕ್ಕೂ ನಡುವೆ ಒಂದು ಅಳು ಮುಗಿಸಿದ್ದ. ಇನ್ನೆರಡು ಗಂಟೆಗೆ ಇದೇ ಮುಖ ಹೊತ್ತು ಅಪ್ಪನ ತಲೆಯ ಕಡೆ ನಿಲ್ಲುತ್ತಾನೆ.

ಆಗ ಗಾರ್ಡ್ ಯೂನಾ ಟಿಕೆಟ್ ನೋಡುತ್ತಾ ಬಂದಳು. ಆರ್ಡ್‌ವೀನಿಯಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ. ಹತ್ತುವವರು ಕೈ ಎತ್ತಿ ನಿಲ್ಲಿಸಬೇಕು, ಇಳಿಯುವವರು ಗಾರ್ಡ್‌ಗೆ ಹೇಳಬೇಕು. ಅದೂ ಸಾಲದು, ಮೊದಲ ಬೋಗಿಯಲ್ಲಿ ಇರಬೇಕು. ಪ್ಲಾಟ್‌ಫಾರ್ಮ್ ಅಷ್ಟೇ ಉದ್ದ, ಒಂದೇ ಬಾಗಿಲು ತೆರೆಯುತ್ತದೆ. ನಾವು ಚಿಕ್ಕವರಿದ್ದಾಗ ಹೀಗಿರಲಿಲ್ಲ. ಹಲಗೆಗಳು ಕೊಳೆತು, ಅರ್ಧ ಪ್ಲಾಟ್‌ಫಾರ್ಮಿಗೆ ಬೇಲಿ ಹಾಕಿದ್ದು ಫಾರ್ಕರ್ ಊರು ಬಿಟ್ಟ ಮೇಲೆ.

"ಡೊಲೀನಕ್ಕ, ವಿಷಯ ಕೇಳ್ದೆ. ಪಾಪ, ಒಳ್ಳೇ ಮನುಷ್ಯ," ಎಂದಳು ಯೂನಾ. "ಆರ್ಡ್‌ವೀನಿಗೆ ತಾನೆ? ಎಷ್ಟು ಜನ ಇಳೀತೀರಿ?"

ನಾನು ಫಾರ್ಕರ್ ಕಡೆ ನೋಡಿದೆ. ಅವನು ಎದ್ದು ಹೋಗಿ ಆಚೆ ಕಿಟಕಿಯಲ್ಲಿ ಯಾರಿಗೋ ಹದ್ದು ತೋರಿಸುತ್ತಿದ್ದ. ಕಣ್ಣು ಒರೆಸಿಕೊಂಡಾಗಿತ್ತು. ಅವನು ನನ್ನ ತಮ್ಮನೆಂದು ಯೂನಾಗೆ ಗೊತ್ತಿರಲಿಲ್ಲ. ಯಾವನೋ ಪ್ರವಾಸಿಗಳ ಗೈಡ್ ಎಂದುಕೊಂಡಿರಬೇಕು.

"ಒಬ್ಬಳೇ," ಅಂದೆ.

ಇದನ್ನು ಮುಂಚೆಯೇ ಯೋಚಿಸಿದ್ದೆ ಎಂದು ಯಾರಾದರೂ ಅಂದರೆ ಅದು ಸುಳ್ಳು. ಬಾಯಿ ತಪ್ಪಿ ಬಂತು ಎಂದು ನಾನು ಅಂದರೆ ಅದೂ ಸುಳ್ಳೇ. ಆ ಮಾತು ಹೊರಬಿದ್ದ ಮೇಲೆ ಸರಿಮಾಡಲು ನನಗೆ ಇಪ್ಪತ್ತೈದು ನಿಮಿಷವಿತ್ತು. ಕೈಚೀಲ ತೆಗೆದುಕೊಂಡು ಎದ್ದೆ. ಫಾರ್ಕರ್ ತಿರುಗಿ, "ಎಲ್ಲಿಗೆ?" ಎಂದ.

"ಮುಂದೆ ಕೂರ್ತೀನಿ, ಇಲ್ಲಿ ಗಲಾಟೆ," ಅಂದೆ.

"ಸರಿ, ಸರಿ," ಎಂದು ಮತ್ತೆ ಹದ್ದಿಗೆ ಹೋದ.

ಮೊದಲ ಬೋಗಿಯಲ್ಲಿ ಬಾಗಿಲ ಪಕ್ಕ ಕೂತೆ. ಕೈಚೀಲದಲ್ಲಿ ಹಗ್ಗದ ಪಟ್ಟಿಯಿತ್ತು. ಧ್ವನಿವರ್ಧಕದಲ್ಲಿ ಯೂನಾ, ಆರ್ಡ್‌ವೀನಿಯಲ್ಲಿ ಇಳಿಯುವವರು ಮೊದಲ ಬೋಗಿಗೆ ಬರಬೇಕು ಎಂದು ಎರಡು ಸಲ ಹೇಳಿದಳು. ಅವನು ಬಂದರೆ ಬರಲಿ, ಬಂದರೆ ಏನೂ ಆಗಿಲ್ಲವೆಂಬಂತೆ ಇರೋಣ ಎಂದುಕೊಂಡೆ. ಬರಲಿಲ್ಲ. ಅವನ ಬಾಯಿ ನಡೆಯುವಾಗ ಅವನ ಕಿವಿ ಕೆಲಸ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು, ಅದನ್ನೇ ನಂಬಿ ಕೂತಿದ್ದೆ.

ರೈಲು ನಿಂತಿತು. ನಾನೊಬ್ಬಳೇ ಇಳಿದೆ. ಯೂನಾ ಸೀಟಿ ಊದಿದಳು. ಬೋಗಿಗಳು ಒಂದೊಂದಾಗಿ ನನ್ನ ಮುಂದೆ ಹಾದುಹೋದವು. ಕೊನೆಯದರ ಕಿಟಕಿಯಲ್ಲಿ ಫಾರ್ಕರ್ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ತಲೆ ತಗ್ಗಿಸಿದೆ. ಮುಂದಿನದು ಕೊನೆಯ ನಿಲ್ದಾಣ, ಅಲ್ಲಿಂದ ವಾಪಸು ರೈಲು ಸಂಜೆ ಐದಕ್ಕೆ. ಟ್ಯಾಕ್ಸಿ ಸಿಕ್ಕರೂ ಖಾರಿ ಸುತ್ತಿ ಬರುವಷ್ಟರಲ್ಲಿ ಮರಳ ಮೇಲೆ ನೀರು ಬಂದಿರುತ್ತದೆ.

ಚರ್ಚಿನ ಬಾಗಿಲಲ್ಲಿ ಹೆಕ್ಟರ್ ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದ.

"ಎಲ್ಲಿ ಅವನು?"

"ಹಿಂದಿನ ಬೋಗಿಯಲ್ಲಿದ್ದ. ಇಳೀಲಿಲ್ಲ."

"ಇಳೀಲಿಲ್ಲ ಅಂದ್ರೆ?" ಆಮೇಲೆ ಅವನಿಗೆ ಹೊಳೆಯಿತು. "ಅಯ್ಯೋ ದೇವರೇ. ಈ ಊರಲ್ಲಿ ಹುಟ್ಟಿದವನು ಪ್ರವಾಸಿಗಳ ಥರ ಹಿಂದೆ ಕೂತ್ಕೊಂಡನಾ?"

ಸುತ್ತ ನಿಂತ ಗಂಡಸರು ಬೂಟು ನೋಡಿಕೊಂಡರು. ಒಬ್ಬಿಬ್ಬರಿಗೆ ನಗು ಬಂದಿತ್ತು, ತಡೆದುಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಡೊಲೀನಾ ಅಂಥದ್ದು ಮಾಡಿಯಾಳು ಎಂದು ಯಾರ ತಲೆಗೂ ಹೊಳೆಯುವಂತಿರಲಿಲ್ಲ. ಅಷ್ಟು ವರ್ಷ ಒಳ್ಳೆಯವಳಾಗಿದ್ದುದರ ಲಾಭ ಅದೊಂದೇ.

ಪಾದ್ರಿ ಪ್ರಾರ್ಥನೆಯನ್ನು ಚುಟುಕಾಗಿ ಮುಗಿಸಿದರು. ಹಗ್ಗ ಹಿಡಿಯುವವರನ್ನು ಬಿಟ್ಟು ಉಳಿದ ಗಂಡಸರು ಸರದಿಯ ಮೇಲೆ ಹೆಗಲು ಬದಲಿಸುತ್ತಾ ಪೆಟ್ಟಿಗೆ ಹೊತ್ತು ಮರಳು ದಾಟಿದರು. ಹಿಂದೆಲ್ಲ ಹೆಂಗಸರು ದಡದಲ್ಲೇ ನಿಲ್ಲುತ್ತಿದ್ದರು. ಅವತ್ತು ನಾನೂ ನಾಲ್ಕಾರು ಜನ ಹೆಂಗಸರೂ ಬೂಟಿನಲ್ಲಿ ನೀರು ತುಂಬಿಕೊಂಡು ಹಿಂದೆಯೇ ನಡೆದೆವು. ಕುಣಿಯ ಮುಂದೆ ಹೆಕ್ಟರ್ ನಾನು ಕೊಟ್ಟ ಪಟ್ಟಿ ಬಿಚ್ಚಿದ. ನನ್ನ ದುಂಡಗಿನ ಅಕ್ಷರ ಗಾಳಿಗೆ ಪಟಪಟ ಅಂದಿತು.

"ಒಂದು ಬಂದಿಲ್ಲ. ಹಾಗಾದ್ರೆ ಎಲ್ರೂ ಒಂದೊಂದು ಮೇಲೆ ಸರೀರಿ," ಎಂದ. "ರಾಡೆರಿಕ್, ನೀನು ತಲೆ ಕಡೆ ಬಾ. ಎಂಟಕ್ಕೆ ಯಾರಾದ್ರೂ ಒಬ್ಬರು ಬನ್ನಿ."

ಇದು ನನಗೆ ಹೊಳೆದೇ ಇರಲಿಲ್ಲ. ಒಂದನೆಯದು ಖಾಲಿಯಾದರೆ ತಾನಾಗಿ ನನಗೆ ಬರುತ್ತದೆಂದು ನಾನು ಹೇಗೆ ಅಂದುಕೊಂಡಿದ್ದೆನೋ. ರಾಡೆರಿಕ್ ಆಗಲೇ ಕೈ ಉಜ್ಜಿಕೊಂಡು ಮುಂದೆ ಬಂದಿದ್ದ. ಎಂಟನೆಯದಕ್ಕೆ ಊರಲ್ಲಿ ಬಾಡಿಗೆಗಿದ್ದ ಹೊರಗಿನವನೊಬ್ಬನನ್ನು ಯಾರೋ ಕರೆಯುತ್ತಿದ್ದರು.

"ಒಂದನೇದು ನಂದು," ಅಂದೆ.

"ಡೊಲೀನಾ, ಪಟ್ಟಿಯಲ್ಲಿ..."

"ಪಟ್ಟಿ ಬರೆದವಳು ನಾನೇ ಹೆಕ್ಟರ್. ಅದರಲ್ಲಿ ಏನಿದೆ ಅಂತ ನಂಗೆ ಹೇಳ್ಕೊಡಬೇಡ. ರಾಡೆರಿಕ್, ನಿನ್ನ ಜಾಗಕ್ಕೆ ಹೋಗು."

"ಅಲ್ಲ ಕಣೇ, ಚಿಕ್ಕಪ್ಪ ಹೇಳಿದ್ದು..." ಎಂದ ರಾಡೆರಿಕ್.

"ನಿಮ್ಮ ಚಿಕ್ಕಪ್ಪನ ಅಂಗಿ ಗುಂಡಿ ಒಂದು ದಿನ ಹಾಕಿದೀಯಾ ನೀನು? ಹಾಕಿದ್ರೆ ಹಿಡ್ಕೋ ಹಗ್ಗ."

ಪಾದ್ರಿ ಗಡಿಯಾರ ನೋಡಿ, ಸಮುದ್ರ ನೋಡಿ, "ಕೊಡಿ ಅವರಿಗೆ," ಎಂದರು. ನ್ಯಾಯಕ್ಕಲ್ಲ, ನೀರಿಗೆ ಹೆದರಿ. ಆದರೂ ಸಿಕ್ಕಿತು.

ಕಪ್ಪು ಹಗ್ಗವನ್ನು ಎರಡು ಸುತ್ತು ಅಂಗೈಗೆ ಸುತ್ತಿಕೊಂಡೆ. ಎತ್ತಿ ಎಂದು ಹೆಕ್ಟರ್ ಅಂದಾಗ ಎಂಟೂ ಜನ ಎತ್ತಿದೆವು, ಪೆಟ್ಟಿಗೆ ಮೇಲಕ್ಕೆ ಹಾರಿ ವಾಲಿತು. ಆ ಏಳೂ ಜನರ ಮನಸ್ಸಿನಲ್ಲಿದ್ದದ್ದು ಸುತ್ತಿಗೆ ಹೊತ್ತು ಆರು ಮೈಲಿ ನಡೆಯುತ್ತಿದ್ದ ನಮ್ಮಪ್ಪ ಮರ್ಡೊ. ಅಷ್ಟು ಭಾರಕ್ಕೆ ಕಾಲೂರಿ ಎಳೆದಿದ್ದರು. ಕೊನೆಯ ತಿಂಗಳು ಅಪ್ಪ ಮೂವತ್ತೊಂಬತ್ತು ಕಿಲೋ ಇದ್ದ. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

"ಮೆತ್ತಗೆ ಬಿಡಿ," ಅಂದೆ. "ಅಷ್ಟು ಜೋರು ಬೇಡ. ಅವನು ಹಗುರ ಇದಾನೆ."

ಅವರು ಸಡಿಲಿಸಿದರು. ನನ್ನ ಕೈ ನೋಡಿಕೊಂಡು ಅವರೂ ಬಿಟ್ಟರು, ಅಪ್ಪ ಒಂದು ಚೂರೂ ಓಲಾಡದೆ ಸಮನಾಗಿ ಕೆಳಗೆ ಹೋದ. ಸ್ನಾನಕ್ಕೆ ಇಳಿಸುವಾಗಲೂ ಅವನು ಹಾಗೇ ನನ್ನ ಕೈಗೆ ಒಪ್ಪಿಸಿಕೊಂಡು ಬಿಡುತ್ತಿದ್ದ. ಹಗ್ಗ ಸಡಿಲವಾಯಿತು. ಬಿಟ್ಟೆ. ಆ ಒಂದು ನಿಮಿಷ ನನಗೆ ಯಾವ ಪಶ್ಚಾತ್ತಾಪವೂ ಇರಲಿಲ್ಲ.

ಮೂರಕ್ಕೆ ಮರಳಿನ ಮೇಲೆ ನೀರು ವಾಪಸು ಬಂತು. ಸಭಾಂಗಣದಲ್ಲಿ ಐವತ್ತು ಜನಕ್ಕೆ ಟೀ ಕೊಟ್ಟವಳೂ ನಾನೇ.

ಐದು ದಾಟಿದ ಮೇಲೆ ನಿಲ್ದಾಣದಲ್ಲಿ ಕೈ ಎತ್ತಿ ರೈಲು ನಿಲ್ಲಿಸಿದೆ. ಫಾರ್ಕರ್ ಮೊದಲ ಬೋಗಿಯಲ್ಲೇ, ಬಾಗಿಲ ಹತ್ತಿರವೇ ಕೂತಿದ್ದ. ಬಾಯಲ್ಲಿ ವಿಸ್ಕಿಯ ವಾಸನೆ, ಆದರೆ ಮಾತು ತೊದಲುತ್ತಿರಲಿಲ್ಲ. ದಾರಿಯುದ್ದಕ್ಕೂ ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಅವನು ಜಾಗ ಬಿಟ್ಟು ಸರಿದು ಕೂತ.

"ಸರಿಯಾಗಿ ಇಳೀತಾ?"

"ಇಳೀತು."

"ಒಂದನೇದು ಯಾರು?"

"ನಾನು."

ಅವನು ತಲೆಯಾಡಿಸಿದ. ನನಗೆ ತಡೆಯಲಾಗಲಿಲ್ಲ. "ಮುಂದಿನ ಬೋಗಿಯಿಂದ ಇಳೀಬೇಕು ಅಂತ ನಿಂಗೆ ಹೇಳ್ಬಹುದಾಗಿತ್ತು ನಾನು. ಬೇಕಂತ್ಲೇ ಹೇಳ್ಲಿಲ್ಲ. ಗಾರ್ಡ್ ಕೇಳಿದಾಗ ಒಬ್ಬಳೇ ಅಂದೆ."

"ಗೊತ್ತು."

"ಏನು ಗೊತ್ತು?"

"ಅವಳು ಎರಡು ಸಲ ಕೂಗಿ ಹೇಳಿದ್ಲಲ್ಲ ಅಕ್ಕ. ನಾನೇನು ಕಿವುಡನಾ?" ಅವನು ಬೆರಳಲ್ಲಿ ಕಿಲ್ಟಿನ ಮಡಿಕೆ ಸರಿಮಾಡಿಕೊಂಡ. "ಎದ್ದೆ. ಕೋಟು ಹಾಕ್ಕೊಂಡೆ. ಮತ್ತೆ ಕೂತೆ. ಅಷ್ಟು ವರ್ಷ ಮುಖ ತೋರಿಸ್ದೆ ಇವತ್ತು ಹೋಗಿ ತಲೆ ಕಡೆ ನಿಂತ್ಕೊಳ್ಳೋದು, ಆ ರಾಡೆರಿಕ್ ಎಲ್ಲ ನನ್ನ ಮುಖಾನೇ ನೋಡೋದು. ನನ್ನ ಕೈಲಿ ಆಗ್ತಿರ್ಲಿಲ್ಲ. ನೀನು ಬಂದು ಎಳ್ಕೊಂಡು ಹೋಗ್ತೀಯ ಅಂದ್ಕೊಂಡೆ. ಬಂದಿದ್ರೆ ಇಳೀಲೇಬೇಕಾಗ್ತಿತ್ತು. ನೀನು ಬರ್ಲಿಲ್ಲ." ನನ್ನ ಮೊಣಕೈ ಮುಟ್ಟಿದ. "ಥ್ಯಾಂಕ್ಸ್ ಅಕ್ಕ. ನಿಜವಾಗ್ಲೂ."

ಹನ್ನೊಂದು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಬೇಕೆಂದಿದ್ದದ್ದು ಆ ಒಂದು ಮಾತು. ಹಾಸಿಗೆ ಬದಲಿಸಿದ್ದಕ್ಕೆ, ಗುಳಿಗೆ ನುಂಗಿಸಿದ್ದಕ್ಕೆ, ನಿದ್ದೆಗೆಟ್ಟಿದ್ದಕ್ಕೆ ಯಾವುದಕ್ಕೂ ಬರದ ಮಾತು, ಅವನಿಗೆ ಕೇಡು ಬಗೆದ ಒಂದೇ ಒಂದು ಕೆಲಸಕ್ಕೆ ಬಂತು. ಅವನದನ್ನು ನಾನು ಕಸಿದುಕೊಂಡೆ ಎಂದುಕೊಂಡಿದ್ದೆ. ಅವನು ಬೇಡವೆಂದು ಬಿಟ್ಟದ್ದನ್ನು ಯಾವತ್ತಿನಂತೆ ನಾನು ಎತ್ತಿಕೊಂಡಿದ್ದೆ, ಅಷ್ಟೇ. ಅವನ ಮೇಲೆ ಸಿಟ್ಟು ಮಾಡುವುದಕ್ಕೂ ಅವನ ಹತ್ತಿರ ತಪ್ಪು ಒಪ್ಪಿಕೊಳ್ಳುವುದಕ್ಕೂ ಏನೂ ಉಳಿಯಲಿಲ್ಲ.

"ಹೇಗಿತ್ತು?" ಎಂದು ಮೆಲ್ಲಗೆ ಕೇಳಿದ. "ಹಿಡ್ಕೊಂಡಾಗ?"

ಯಾಕೆ ಹೇಳಿದೆನೋ. ದಣಿದಿದ್ದೆ, ಕೇಳುವವರು ಬೇರೆ ಯಾರೂ ಇರಲಿಲ್ಲ. ಪೆಟ್ಟಿಗೆ ಮೇಲಕ್ಕೆ ಹಾರಿದ್ದು, ಅಷ್ಟು ಜನ ಅಷ್ಟು ಭಾರಕ್ಕೆ ಸಿದ್ಧರಾಗಿದ್ದದ್ದು, ಅವನು ಹಗುರ ಇದಾನೆ ಎಂದು ನಾನು ಅಂದದ್ದು, ಆಮೇಲೆ ಸಮನಾಗಿ ಹೋದದ್ದು, ಎಲ್ಲ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ.

ಸುರಂಗ ದಾಟಿದ ಮೇಲಿನ ನಿಲ್ದಾಣದಲ್ಲಿ ಬೆಟ್ಟ ಹತ್ತಿ ಇಳಿದ ಗಂಡ ಹೆಂಡತಿ ಹತ್ತಿ ನಮ್ಮ ಎದುರಿಗೆ ಕೂತರು. ಕೆಸರು ಬೂಟು, ಕೆಂಪು ಮುಖ. ಹೆಂಗಸು ಫಾರ್ಕರ್‌ನ ಬಟ್ಟೆ ನೋಡಿ, ಏನಾದರೂ ಹಬ್ಬವೇ ಎಂದು ಕೇಳಿದಳು.

"ಇಲ್ಲ ಮೇಡಂ," ಎಂದ ಫಾರ್ಕರ್. "ಇವತ್ತು ನಮ್ಮಪ್ಪನ ಮಣ್ಣು. ತಲೆಯ ಕಡೆಯ ಹಗ್ಗ ನಂದು. ನಮ್ಮ ಕಡೆ ಅದು ಮಗನಿಗೆ."

ನಾನು ಅವನ ಕಡೆ ತಿರುಗಿದೆ. ಅವನು ನನ್ನ ಕಡೆ ನೋಡಲಿಲ್ಲ. ಅಂಗೈ ಬಿಡಿಸಿ, ಹಗ್ಗ ಸುತ್ತಿಕೊಂಡದ್ದು ಹೇಗೆಂದು ತೋರಿಸಿದ. ಎತ್ತಿದಾಗ ಪೆಟ್ಟಿಗೆ ವಾಲಿದ್ದನ್ನು ಹೇಳಿದ. "ಏಳು ಜನ ಗಟ್ಟಿಮುಟ್ಟು ಗಂಡಸರು ಮೇಡಂ, ಅವರಿಗೆ ಗೊತ್ತಿಲ್ಲ. ನಂಗೆ ಗೊತ್ತಿತ್ತು. ಮೆತ್ತಗೆ ಬಿಡಿ ಅಂದೆ. ನಮ್ಮಪ್ಪ ಹಗುರ ಇದಾನೆ ಅಂದೆ." ಅಲ್ಲಿ ನಿಲ್ಲಿಸಿದ, ಎಷ್ಟು ಹೊತ್ತು ನಿಲ್ಲಿಸಬೇಕೋ ಅಷ್ಟೇ ಹೊತ್ತು. ಆಮೇಲೆ, ಅಪ್ಪ ಸಮನಾಗಿ ಕೆಳಗೆ ಹೋದದ್ದನ್ನು ಎರಡೂ ಕೈ ನಿಧಾನವಾಗಿ ಇಳಿಸಿ ತೋರಿಸಿದ.

ನಾನು ಹೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿದ. ಐದು ದಿನದಿಂದ ಬಾರದ ಅಳು ನನಗೆ ಆಗ ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಎದುರಿನ ಹೆಂಗಸಿನ ಕಣ್ಣೂ ತುಂಬಿತ್ತು. ಅವಳು ಚೀಲದಿಂದ ಒಂದು ಕರವಸ್ತ್ರ ತೆಗೆದು ನನ್ನ ಕಡೆ ಚಾಚಿ, "ನಿಮಗೂ ಅವರ ತಂದೆ ಗೊತ್ತಿದ್ರಾ?" ಎಂದು ಕೇಳಿದಳು.

ಫಾರ್ಕರ್ ಕಿಟಕಿಯ ಹೊರಗೆ ನೋಡತೊಡಗಿದ.

"ಹೂಂ, ಸ್ವಲ್ಪ," ಎಂದು ಕರವಸ್ತ್ರ ತೆಗೆದುಕೊಂಡೆ.